ದೋಣಿಯ ತೋಳಿಗೆ ಮೂರು ಬೆರಳು

ನೆರೆ ಬಂದು ಹೋದ ಎರಡನೆಯ ವರ್ಷದ ಮಾತು. ಶ್ರಾವಣದ ಕೊನೆಯ ಸೋಮವಾರ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಪೊಲೀಸರ ಪಂಚನಾಮೆಯ ಪ್ರತಿಯಲ್ಲಿ ಮಾತ್ರ ಶುಕ್ರವಾರ ಎಂದಿದೆ. ಸೋಮವಾರ ಎಲ್ಲಿಂದ ಬಂತೋ ತಿಳಿಯದು. ಶ್ರಾವಣಕ್ಕೆ ಸೋಮವಾರ ಹೊಂದುತ್ತದೆ ಎಂದು ನನ್ನ ತಲೆಯೇ ಅದನ್ನು ಅಲ್ಲಿ ತಂದಿಟ್ಟಿರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಘಟನೆಯನ್ನು ನಾನು ಬಹಳ ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಒಪ್ಪವಾಗುತ್ತ ಹೋಗಿದೆ.

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ನೀರಿನ ಮನುಷ್ಯನಲ್ಲ. ಈಜು ಬರುತ್ತದೆ, ಅದೂ ಬಾವಿಯಲ್ಲಿ ಕಲಿತದ್ದು. ದೋಣಿಯ ಹುಚ್ಚು ಹತ್ತಿದ್ದು ನನ್ನ ಸೋದರಮಾವನಿಂದ.

ಮಾವನ ಊರು ತೊರಗಲ್ಲಿನ ಆಚೆ, ಮಲಪ್ರಭೆಯ ದಂಡೆಗೆ. ಆ ವರ್ಷ ಆಣೆಕಟ್ಟಿನಿಂದ ನೀರು ಬಿಟ್ಟಾಗ ಊರಿನ ಅರ್ಧ ಭಾಗ ಹೊಳೆಯೊಳಗೆ ನಿಂತಿತು. ಮಾವ ತಮ್ಮ ಮಣ್ಣಿನ ಮಾಳಿಗೆಯ ಮೇಲಿದ್ದರು. ನಾನು ಈಚೆ ಎತ್ತರದ ಹೊಲದಲ್ಲಿ ಜನರ ನಡುವೆ ಇದ್ದೆ. ಒಂದು ಹರಗೋಲು ಮಾಳಿಗೆಯಿಂದ ಮಾಳಿಗೆಗೆ ಹೋಗಿ ಜನರನ್ನು ಕರೆತರುತ್ತಿತ್ತು. ಸೆಳವಿಗೆ ಸಿಕ್ಕು ಅದು ಬುಗುರಿಯಂತೆ ತಿರುಗುವುದನ್ನೂ ಅಂಚಿನಿಂದ ನೀರು ಒಳಗೆ ಬರುವುದನ್ನೂ ಮಾವ ಬೆಳಗಿನಿಂದ ನೋಡಿದ್ದರು. ಅದು ಅವರ ಮಾಳಿಗೆಗೆ ಮೂರು ಸಲ ಬಂತು. ಎರಡೇ ಸಲವೂ ಇರಬಹುದು. ಬಂದಾಗಲೆಲ್ಲ ಅವರು ಕೈಬೀಸಿ ಕಳಿಸಿಬಿಟ್ಟರು. ನಾನು ಫೋನಿನಲ್ಲಿ ಬೈದೆ.

“ಆ ಬುಟ್ಟ್ಯಾಗ ನಾ ಕಾಲಿಡಂಗಿಲ್ಲಪಾ. ತಿರಗತೈತಿ ಅದು,” ಎಂದರು. “ನೀರು ಇಳೀತೈತಿ. ಇಲ್ಲೇ ಕುಂತಿರತೇನಿ.”

ಮಧ್ಯಾಹ್ನ ಗೋಡೆ ಕುಸಿಯಿತು. ಮಾಳಿಗೆ ಒಂದು ಮಗ್ಗುಲಿನಿಂದ ಬಾಗಿತು, ಅವರು ಕುಳಿತಲ್ಲಿಂದ ಜಾರಿದರು. ಎರಡು ದಿನದ ಮೇಲೆ ಜಾಲಿಕಂಟಿಯಲ್ಲಿ ಸಿಕ್ಕರು.

ಅಂದಿನಿಂದ ನನಗೆ ಒಂದೇ ಯೋಚನೆ. ನೀರಿಗೆ ಅಂಜುವ ಮುದುಕನೊಬ್ಬ ನಂಬಿ ಕಾಲಿಡುವಂಥ ದೋಣಿ ಬೇಕು. ನೆರೆ ಇವತ್ತು ಮನೋಳಿಗೆ ಬಂದರೆ ನಾಳೆ ರಾಮದುರ್ಗಕ್ಕೆ ಬರುತ್ತದೆ. ಆದ್ದರಿಂದ ಅದು ಮನೆಯಲ್ಲಿರಬೇಕು, ಕರೆ ಬಂದ ಕೂಡಲೇ ಟ್ರ್ಯಾಕ್ಟರಿನ ಟ್ರೇಲರಿಗೆ ಹೇರಿಕೊಂಡು ಹೊರಡುವಂತಿರಬೇಕು. ಮೊಬೈಲಿನಲ್ಲಿ ಹುಡುಕುತ್ತ ಹುಡುಕುತ್ತ ಟ್ರೈಮರಾನ್ ಎಂಬುದು ಸಿಕ್ಕಿತು. ನಡುವೆ ಒಂದು ಉದ್ದನೆಯ ದೋಣಿ. ಅದರ ಎರಡೂ ಕಡೆಗೆ ತೋಳು ಚಾಚಿದಂತೆ ಮರದ ತೊಲೆಗಳು. ತೊಲೆಗಳ ತುದಿಗೆ ಕಡೆಗೊಂದು ಮರಿದೋಣಿ. ಇಂಥದ್ದು ಮಗುಚಬೇಕೆಂದರೆ ಒಂದು ಕಡೆಯ ಮರಿದೋಣಿ ಪೂರ್ತಿ ಮುಳುಗಬೇಕು. ಮನೆಯಲ್ಲೇ ಪ್ಲೈವುಡ್ಡಿನಿಂದ ಕಟ್ಟಿಕೊಳ್ಳುವವರಿಗಾಗಿ ಇವುಗಳ ನಕಾಶೆ ಮಾರುವವರೂ ಇದ್ದಾರೆ. ಒಂದು ವರ್ಷ ನಾನು ಓದಿದ್ದು ಅದನ್ನೇ. ಹತ್ತಿಪ್ಪತ್ತು ನಮೂನೆಗಳಲ್ಲಿ ಕೊನೆಗೆ ಮೂರು ಉಳಿದವು.

ನನ್ನ ಜೊತೆ ಸಾಲಿ ಕಲಿತ ಮಲ್ಲೇಶಿ ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವನಿಗೆ ಚಿತ್ರ ತೋರಿಸಿದೆ.

“ಲೇ ಮಾಸ್ತರ, ಇದು ದೋಣಿ ಅಲ್ಲಲೇ. ಎರಡೂ ಬಗಲಾಗ ಕೂಸು ಎತಗೊಂಡ ಹೆಣಮಗಳು,” ಎಂದ.

“ಅದಕ್ಕ ಬೀಳಂಗಿಲ್ಲ.”

“ಊರಾಗ ಕುಡ್ಯಾಕ ನೀರಿಲ್ಲ, ಈ ಮಗಾ ದೋಣಿ ಮಾಡತಾನಂತ.” ಹೀಗೆ ನಕ್ಕವನೇ ಮರುದಿನ ತನ್ನ ಟ್ರೇಲರಿನ ಉದ್ದಗಲ ಅಳೆದು ಚೀಟಿಯಲ್ಲಿ ಬರೆದು ತಂದುಕೊಟ್ಟ.

ಕಟ್ಟಲು ಬಡಿಗ ಬೇಕಿತ್ತು. ಮನೋಳಿಯ ಕಾಳಪ್ಪಕಾಕಾ ಬಿಟ್ಟರೆ ನನಗೆ ಬೇರೆ ಹೆಸರು ತೋಚಲಿಲ್ಲ. ಅರವತ್ತು ದಾಟಿದವರು. ಹರೆಯದಲ್ಲಿ ಬಂಡಿ ಮಾಡಿದವರು. ಬಂಡಿ ಕೇಳುವವರು ಇಲ್ಲದಂತಾದ ಮೇಲೆ ಮಗ ಈರಣ್ಣನ ಜೊತೆ ಬಾಗಿಲು ಚೌಕಟ್ಟು ಮಾಡುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಹೊಸ ಮನೆಯ ತಲಬಾಗಿಲಿಗೆ ಜನ ಅವರನ್ನೇ ಕರೆಯುತ್ತಿದ್ದರು. ಯಾಕೆಂದರೆ ಅವರು ಆಯ ನೋಡುತ್ತಿದ್ದರು. ಅಳತೆಯನ್ನು ಬೆರಳುಗಳಲ್ಲಿ ಎಣಿಸಿ ಎಂಟರಿಂದ ಭಾಗಿಸಬೇಕು. ಉಳಿದ ಶೇಷ ಬೆಸವಾದರೆ ಒಳ್ಳೆಯದು, ಸಮವಾದರೆ ಕೆಡುಕು. ಒಂದೊಂದು ಶೇಷಕ್ಕೂ ಸಿಂಹ, ವೃಷಭ ಎಂದು ಒಂದೊಂದು ಹೆಸರು. ಕೆಡುಕು ಬಂದರೆ ಬೆರಳೆರಡು ಬೆರಳು ಹೆಚ್ಚಿಸಿ ಸರಿಮಾಡಬೇಕು. ಕಾಳಪ್ಪಕಾಕಾ ಆಯ ಕೂಡದ ಕಟ್ಟಿಗೆಗೆ ಗರಗಸ ಹಚ್ಚಿದವರಲ್ಲ. ಇದು ನನಗೆ ಗೊತ್ತಿತ್ತು. ನಮ್ಮ ಮನೆಯ ಚೌಕಟ್ಟೂ ಅವರದೇ.

ಒಂದು ರವಿವಾರ ಶಾಲೆಯ ಮೈದಾನದಲ್ಲಿ ಮೂರೂ ದೋಣಿಗಳನ್ನು ನಿಜವಾದ ಅಳತೆಯಲ್ಲಿ ಸುಣ್ಣದಿಂದ ಬರೆದೆ. ಕಾಳಪ್ಪಕಾಕಾ ಧೋತರದ ಚುಂಗು ಎತ್ತಿ ಹಿಡಿದು, ನೀರಿನಲ್ಲಿ ಇಳಿದವರ ಹಾಗೆ, ಸುಣ್ಣದ ಗೆರೆ ದಾಟಿ ಒಳಗೆ ಹೋದರು. ಒಂದೊಂದರ ನಡುವೆಯೂ ಚಕ್ಕಳಮಕ್ಕಳ ಹಾಕಿ ಕುಳಿತು ನೋಡಿದರು.

“ನನಗ ನೀರಂದ್ರ ಅಂಜಿಕೀರಿ ಮಾಸ್ತರ. ಹೊಳಿ ದಂಡಿ ಮ್ಯಾಲ ಹುಟ್ಟಿದಾಂವ, ಮೊಣಕಾಲ ಮಟಾ ನೀರಿಗೆ ಹೋದಾಂವಲ್ಲ,” ಎಂದರು.

“ಅದಕ್ಕ ನಿಮ್ಮನ್ನ ಕರದದ್ದು ಕಾಕಾ. ನಿಮಗ ಧೈರ್ಯ ಬರೂ ಅಂಥಾದ್ದು ಆಗಬೇಕು.”

ಮೊದಲನೆಯ ನಮೂನೆ ದೊಡ್ಡದು. ನಮ್ಮ ಓಣಿಯ ತಿರುವಿನಲ್ಲಿ ಹಾಯುತ್ತಿರಲಿಲ್ಲ. ಅದನ್ನು ಬಿಟ್ಟೆವು. ಎರಡನೆಯದರಲ್ಲಿ ತೋಳುಗಳನ್ನು ಬೇರೆ ಮಾಡಿ ಒಯ್ಯಬೇಕು, ದಂಡೆಯ ಮೇಲೆ ಹಗ್ಗದಿಂದ ಬಿಗಿಯಬೇಕು. ಕಬ್ಬಿಣವೇ ಇಲ್ಲ. ಆದರೆ ಜೋಡಿಸಲು ತಾಸಿಗೂ ಹೆಚ್ಚು ಹೊತ್ತು. ಮೂರನೆಯದರಲ್ಲಿ ತೋಳುಗಳು ಬಾಗಿಲಿನ ಹಾಗೆ ಬಿಜಾಗರಿಯ ಮೇಲೆ ಮಡಚಿಕೊಳ್ಳುತ್ತವೆ. ಬಿಚ್ಚಿ, ತೋಳಿಗೊಂದು ಪಿನ್ನು ಹೊಡೆದರೆ ಹತ್ತು ನಿಮಿಷದಲ್ಲಿ ಸಿದ್ಧ.

ಕಾಳಪ್ಪಕಾಕಾ ಎರಡನೆಯದರಲ್ಲಿ ಬಹಳ ಹೊತ್ತು ಕುಳಿತರು. “ಇದ ಚಲೋ ಐತಿ. ಹಗ್ಗ ಹರಿಯೂಕಿಂತ ಮೊದಲ ಕಿರ್ರ ಅಂತ ಹೇಳತೈತಿ. ಕಬ್ಬಿಣ ಹೇಳೂದಿಲ್ರಿ, ಒಮ್ಮಿಗಿಲೆ ಕೈಬಿಡತೈತಿ.”

“ನೀರು ಏರಾಕ ಹತ್ತಿದಾಗ ತಾಸಗಟ್ಲೆ ಹಗ್ಗಾ ಕಟಗೋಂತ ಕುಂಡ್ರಾಕ ಆಕ್ಕೈತೇನ್ರಿ ಕಾಕಾ?”

“ಅದೂ ಖರೇ ಅನ್ರಿ.” ಎದ್ದು ಧೋತರ ಝಾಡಿಸಿಕೊಂಡರು. “ಓದಿದವರು ನೀವು. ಯಾವುದಂತೀರಿ ಅದು.”

ಮೂರನೆಯದೆಂದೆ. ಈ ಆಯ್ಕೆ ನನ್ನದು, ಇದರಲ್ಲಿ ನನಗೆ ಸಂಶಯವಿಲ್ಲ. ಮನೆಯಾಕೆ ಮಾತ್ರ ಆ ಗೆರೆಗಳನ್ನು ಬರೆದದ್ದು ಮೈದಾನದಲ್ಲಲ್ಲ, ಅರಳೆ ಮಾರ್ಕೆಟ್ಟಿನ ಹಿಂದಿನ ಬಯಲಿನಲ್ಲಿ ಎನ್ನುತ್ತಾಳೆ. ಇರಬಹುದು.

ಯುಗಾದಿಯ ಮೇಲೆ ಕೆಲಸ ಹಿಡಿದೆವು. ನಡುವಿನ ದೋಣಿಯೂ ಎರಡು ಮರಿದೋಣಿಗಳೂ ನಮ್ಮ ಮನೆಯ ಅಂಗಳದಲ್ಲೇ ಆದವು. ನಾಲ್ಕು ತೋಳುಗಳ ಸಾಗವಾನಿಯನ್ನು ಕಾಳಪ್ಪಕಾಕಾ ಮನೋಳಿಗೆ ಒಯ್ದರು, ಅವರ ದೊಡ್ಡ ಹತಾರಗಳೆಲ್ಲ ಅಲ್ಲಿದ್ದವು. ಬಿಜಾಗರಿಗಳನ್ನೂ, ಪಿನ್ನು ಹಾಯಲೆಂದು ನಡುವಿನ ದೋಣಿಯ ಬದಿಗೆ ಕೂಡಿಸುವ ಕಬ್ಬಿಣದ ಪಟ್ಟಿಗಳನ್ನೂ ಬೈಲಹೊಂಗಲದ ವೆಲ್ಡಿಂಗ್ ಅಂಗಡಿಯಲ್ಲಿ ನಕಾಶೆಯ ಅಳತೆಗೆ ಸರಿಯಾಗಿ ನಾನೇ ನಿಂತು ಮಾಡಿಸಿದೆ. ತೋಳುಗಳು ಬಂದವು, ಕೂಡಿಸಿದೆವು, ಆದರೆ ಮಡಚಿದ ಸ್ಥಿತಿಯಲ್ಲಿ. ಅಂಗಳದ ಒಂದು ಕಡೆ ನಮ್ಮ ಗೋಡೆ, ಇನ್ನೊಂದು ಕಡೆ ಪಕ್ಕದವರ ಗೋಡೆ, ಪೂರ್ತಿ ಬಿಚ್ಚಲು ಜಾಗವಿರಲಿಲ್ಲ. ಶಾಲೆಯ ಮೈದಾನಕ್ಕೆ ಒಯ್ದು ಒಮ್ಮೆ ಬಿಚ್ಚಿ ನೋಡಬಹುದಿತ್ತು. ಒಯ್ಯಲಿಲ್ಲ.

ಆ ದಿನ, ಶುಕ್ರವಾರವೆಂದೇ ಇಟ್ಟುಕೊಳ್ಳೋಣ, ಮಲ್ಲೇಶಿಯ ಟ್ರೇಲರಿನ ಮೇಲೆ ದೋಣಿ ಸವದತ್ತಿ ಕಡೆಯ ಹಿನ್ನೀರಿಗೆ ಹೋಯಿತು. ದಾರಿಯಲ್ಲಿ ಜನ ನಿಂತು ನೋಡಿದರು. ಮನೋಳಿಯಿಂದ ಕಾಳಪ್ಪಕಾಕಾ ಹೆಂಡತಿ ನೀಲವ್ವನ ಜೊತೆ ಬಂದಿದ್ದರು. ನೀಲವ್ವಕಾಕಿ ಬುಟ್ಟಿಯಲ್ಲಿ ಕಾಯಿ, ಕರ್ಪೂರ, ನಮಗೆಲ್ಲ ಬುತ್ತಿ ತಂದಿದ್ದರು. ದೋಣಿಯ ಮೂತಿಗೆ ಕುಂಕುಮ ಹಚ್ಚಿ ಕಾಯಿ ಒಡೆದಾಯಿತು. ಅಕ್ಕಪಕ್ಕದ ಹೊಲದವರು ಹದಿನೈದಿಪ್ಪತ್ತು ಮಂದಿ ಸೇರಿದ್ದರು.

ತೋಳು ಬಿಚ್ಚಿದೆವು. ತೋಳು ನೆಟ್ಟಗೆ ಚಾಚಿಕೊಂಡಾಗ ಅದರ ತೂತೂ ಕಬ್ಬಿಣದ ಪಟ್ಟಿಯ ತೂತೂ ಎದುರುಬದುರಾಗಬೇಕು, ಅದರಲ್ಲಿ ಪಿನ್ನು ಹಾಯಬೇಕು. ಎದುರಾಗಲಿಲ್ಲ. ನಾಲ್ಕು ತೋಳುಗಳದೂ ಅದೇ ಗತಿ. ತೂತು ಮೂರು ಬೆರಳು ಆಚೆ ಇತ್ತು.

“ಇದೇನ್ರಿ ಕಾಕಾ?”

“ಆಯಕ್ಕ ಮೂರ ಬೆರಳ ಹೆಚ್ಚಿಟ್ಟೇನಲ್ರಿ ಮಾಸ್ತರ,” ಎಂದರು ಅವರು. “ನಿಮಗ ಹೇಳಿದ್ದೆ.”

“ನನಗೆಲ್ಲಿ ಹೇಳಿದ್ರಿ?”

ಜನರೆದುರಿಗೆ ಸ್ವಲ್ಪ ಜೋರಾಗಿಯೇ ಕೇಳಿದೆ. ಕಾಳಪ್ಪಕಾಕಾ ನನ್ನ ಮುಖ ನೋಡಿದರು. ಆಮೇಲೆ ತೋಳಿನ ಮೇಲೆ ಕೈಯಾಡಿಸುತ್ತ, “ಹೇಳಿಲ್ಲೇನು? ಹಂಗಾರ ಮರತಿರಬೇಕು. ವಯಸಾತು,” ಎಂದರು.

ತಿರುಗಿ ಹೋಗಬಹುದಿತ್ತು. ಆದರೆ ಕಾಯಿ ಒಡೆದಾಗಿತ್ತು, ಜನ ಸೇರಿದ್ದರು, ನಾನು ಶಾಲೆಗೆ ರಜೆ ಹಾಕಿ ಬಂದಿದ್ದೆ. ಮಲ್ಲೇಶಿ ಯಾರದೋ ಮೋಟರ್ ಸೈಕಲ್ ಮೇಲೆ ಸವದತ್ತಿಗೆ ಹೋಗಿ ಬ್ಯಾಟರಿಯ ಡ್ರಿಲ್ ತಂದ. ಪಟ್ಟಿಗಳಲ್ಲಿ ಹೊಸ ತೂತು ನಾನೇ ಕೊರೆದೆ. ಮೂರು ಬೆರಳು ಆಚೆ ಕೊರೆಯಬೇಕಾದ್ದರಿಂದ ಅದು ಪಟ್ಟಿಯ ತೀರ ಅಂಚಿಗೆ ಬಂತು. ತೂತಿಗೂ ಅಂಚಿಗೂ ನಡುವೆ ಉಗುರಿನಷ್ಟು ಕಬ್ಬಿಣ ಉಳಿದಿತ್ತು. ಪಿನ್ನು ಹಾಯಿತು. ಜನ ಚಪ್ಪಾಳೆ ಹೊಡೆದರು.

ಕಾಳಪ್ಪಕಾಕಾ ಮಾತ್ರ ಬಗ್ಗಿ ಆ ಅಂಚನ್ನು ನೋಡಿದರು. “ಒಂದ ಹಗ್ಗಾ ಕೊಡ್ರಿ,” ಎಂದು ಎಡಗಡೆಯ ಎರಡೂ ತೋಳುಗಳನ್ನು, ಬಂಡಿಯ ನೊಗಕ್ಕೆ ಕಟ್ಟುವ ಹಾಗೆ ಸುತ್ತಿ ಬಿಗಿದರು. ಬಲಗಡೆಯವನ್ನು ಕಟ್ಟಲಿಲ್ಲ. ಹಗ್ಗ ಮುಗಿದಿತ್ತೇ, ಅಥವಾ “ಸಾಕ್ರಿ ಕಾಕಾ, ಹೊತ್ತಾತು” ಎಂದು ನಾನು ಅವಸರ ಮಾಡಿದೆನೇ? ಎರಡೂ ನನಗೆ ನೆನಪಿವೆ. ಎರಡೂ ನಿಜವಾಗಿರಲಾರವು. ನಾನೇ ಹಾಗೆ ಅಂದಿರಬೇಕು ಎಂದು ಈಗ ಹಿಡಿದು ಹೊರಟಿದ್ದೇನೆ.

ಮೊದಲು ನಾನೊಬ್ಬನೇ ಹೋಗಿ ಬರುತ್ತೇನೆಂದೆ. ಕಾಳಪ್ಪಕಾಕಾ ಒಪ್ಪಲಿಲ್ಲ.

“ಬಂಡಿ ಮಾಡಿದಾಂವ ಮೊದಲ ಕುಂಡ್ರಬೇಕ್ರಿ. ಅದು ನಮ್ಮ ಪದ್ಧತಿ. ಮುರದ್ರ ಮಾಡಿದಾಂವನ ಸೊಂಟ ಮುರೀಲಿ, ಕೊಂಡಾಂವಂದು ಯಾಕ?”

“ಇದು ಬಂಡಿ ಅಲ್ರಿ.”

“ನನ್ನ ಕೈಯಾಗ ಆಗಿದ್ದೆಲ್ಲಾ ಬಂಡಿನ,” ಎಂದರು. ಮಲ್ಲೇಶಿ ಅವರ ಧೋತರದ ಮೇಲೆ ತೇಲುವ ಜಾಕೀಟು ಕಟ್ಟಿ, “ಕಾಕಾ, ಈಗ ನೀವು ಥೇಟ ಮದುಮಗ ನೋಡ್ರಿ,” ಎಂದ. ನೀಲವ್ವಕಾಕಿ ಸೆರಗು ಬಾಯಿಗೆ ಹಿಡಿದು ನಕ್ಕರು.

ನಾನು ಹುಟ್ಟು ಹಾಕಿದೆ. ಗಾಳಿಯಿತ್ತು, ಸಣ್ಣ ಸಣ್ಣ ತೆರೆಗಳಿದ್ದವು. ದೋಣಿ ಮಾತ್ರ ನೆಲದ ಮೇಲಿದ್ದಂತೆ ನಿಂತಿತ್ತು. ಕಾಳಪ್ಪಕಾಕಾ ಮೊದಲು ನಡುವಿನ ದೋಣಿಯಲ್ಲಿ ಎರಡೂ ಕೈಯಿಂದ ಅಂಚು ಹಿಡಿದು ಕುಳಿತಿದ್ದರು. ಸ್ವಲ್ಪ ದೂರ ಹೋದ ಮೇಲೆ ಒಂದು ಕೈ ಬಿಟ್ಟರು. ಆಮೇಲೆ ಇನ್ನೊಂದು. ಆಮೇಲೆ ತಾವೇ ಎದ್ದು ಬಲಗಡೆಯ ಜಾಳಿಗೆಯ ಮೇಲೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತರು. ಈ ಜಾಳಿಗೆ ಎಂದರೆ ದೋಣಿಗೂ ಮರಿದೋಣಿಗೂ ನಡುವೆ, ಜನ ಕುಳಿತುಕೊಳ್ಳಲೆಂದು ನಾನೇ ನೈಲಾನ್ ಹಗ್ಗದಲ್ಲಿ ಹೆಣೆದದ್ದು.

“ಮಾಸ್ತರ, ಇದು ಅಳ್ಳಾಡವಲ್ದಲ್ರೀ!” ಎಂದರು. ಅವರ ಮುಖದಲ್ಲಿದ್ದ ಖುಷಿಯನ್ನು ನಾನು ಬಣ್ಣಿಸಲು ಹೋಗುವುದಿಲ್ಲ. “ನಿಮ್ಮ ಮಾವನೂ ಹತ್ತತಿದ್ರು ಇದನ್ನ.”

ದಂಡೆಯ ಕಡೆಗೆ ತಿರುಗಿಸಲೆಂದು ನಾನೂ ಬಲಗಡೆಗೆ ವಾಲಿ ಹುಟ್ಟು ಒತ್ತಿದೆ. ಅದೇ ಹೊತ್ತಿಗೆ ಒಂದು ತೆರೆ ಬಂತು. ಟಕ್ ಎಂದು ಒಂದೇ ಒಂದು ಸಪ್ಪಳ. ಪಟ್ಟಿಯ ಅಂಚು ಹರಿದು ಪಿನ್ನು ಹೊರಬಂದಿತ್ತು. ಮುಂದಿನ ತೋಳು ಮಡಚಿಕೊಂಡಿತು, ಅದರ ಬೆನ್ನಿಗೆ ಹಿಂದಿನದು. ಬಲಗಡೆಯ ಮರಿದೋಣಿ ಒಳಗೆ ಸರಿದು ನಮ್ಮ ಕೆಳಗೆ ಬಂತು, ಎಡಗಡೆಯದು ಆಕಾಶಕ್ಕೆ ಎದ್ದಿತು. ಮಗುಚಲಾರದೆಂದು ನಾನು ಒಂದು ವರ್ಷ ಹುಡುಕಿ ಆರಿಸಿದ ದೋಣಿ ಮಗುಚಿ ಬಿತ್ತು.

ನಾನು ಮೇಲೆ ಬಂದಾಗ ಕಾಳಪ್ಪಕಾಕಾ ಕಾಣಲಿಲ್ಲ. ಜಾಳಿಗೆ ಅವರ ಮೇಲೆ ಬಿದ್ದಿತ್ತು. ತೇಲುವ ಜಾಕೀಟು ಅವರನ್ನು ಮೇಲಕ್ಕೆ ನೂಕುತ್ತಿತ್ತು, ಜಾಳಿಗೆ ಕೆಳಗೇ ಹಿಡಿದಿತ್ತು. ಮುಖ ನೀರಿನ ಒಂದು ಗೇಣು ಒಳಗೆ. ನನ್ನ ಹತ್ತಿರ ಚಾಕು ಇರಲಿಲ್ಲ. ಹಗ್ಗ ಎಳೆದೆ, ಕಚ್ಚಿದೆ. ಜಾಳಿಗೆಯ ಕಣ್ಣಿನೊಳಗಿಂದ ಅವರ ಕೈಯ ಬೆರಳುಗಳು ಹೊರಬಂದವು, ಅವನ್ನು ಹಿಡಿದುಕೊಂಡೆ. ಮೂರು ಬೆರಳು ಎಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಕೇಳಿದವರು ಮಾತು ನಿಲ್ಲಿಸಿಬಿಡುತ್ತಿದ್ದರು. ಅದು ಸುಳ್ಳು. ಎಷ್ಟು ಬೆರಳು ಹೊರಬಂದಿದ್ದವೋ ನನಗೆ ಗೊತ್ತಿಲ್ಲ. ಎಣಿಸುವ ಹೊತ್ತಾಗಿರಲಿಲ್ಲ ಅದು.

ಮಲ್ಲೇಶಿ ಕುಡಗೋಲು ಹಿಡಿದು ಈಜಿ ಬಂದು ಜಾಳಿಗೆ ಕೊಯ್ದ. ದಂಡೆಗೆ ತಂದು ಮಲಗಿಸಿದೆವು. ಯಾರೋ ಎದೆ ಒತ್ತಿದರು. ನೀಲವ್ವಕಾಕಿ ಅಳಲಿಲ್ಲ, ಗಂಡನ ಒದ್ದೆ ಧೋತರವನ್ನು ಮೊಣಕಾಲ ಕೆಳಗೆ ಎಳೆದು ಸರಿಮಾಡುತ್ತಿದ್ದರು. ಅದು ಮತ್ತೆ ಮತ್ತೆ ಮೇಲೆ ಸರಿಯುತ್ತಿತ್ತು, ಅವರು ಮತ್ತೆ ಮತ್ತೆ ಎಳೆಯುತ್ತಿದ್ದರು.

ಪಂಚನಾಮೆ ಬರೆಯುವಾಗ ನನ್ನನ್ನು ಕೇಳಿದರು. ಬಡಿಗರು ತೋಳಿನ ಅಳತೆ ಹೆಚ್ಚು ಮಾಡಿದ್ದರು, ನನಗದು ದಂಡೆಯ ಮೇಲೆಯೇ ತಿಳಿದದ್ದು, ಬೇರೆ ದಾರಿಯಿಲ್ಲದೆ ಹೊಸ ತೂತು ಕೊರೆಯಬೇಕಾಯಿತು ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ. ಹಾಗೆಯೇ ಬರೆದುಕೊಂಡರು. ಹಾಗೆಯೇ ಊರಲ್ಲೂ ಹಬ್ಬಿತು. ವೆಲ್ಡಿಂಗ್ ಅಂಗಡಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಮನೋಳಿಯ ಚಾದ ಅಂಗಡಿಯಲ್ಲಿ ನಾನೇ ಎಷ್ಟು ಸಲ ಹೇಳಿದೆನೋ. ಕಾಳಪ್ಪ ನೋಡಿದ ಆಯ ಕಾಳಪ್ಪನನ್ನೇ ತಿಂದಿತು ಎಂಬ ಮಾತು ಹುಟ್ಟಿತು. ಮಾಡಿದವನನ್ನೇ ಕೊಂದ ಕೈ ಎಂದು ಆ ಮನೆಗೆ ತಲಬಾಗಿಲು ಮಾಡಿಸಲು ಬರುವವರು ನಿಂತರು. ಈರಣ್ಣ ಈಗ ಬೇರೆಯವರ ಫರ್ನಿಚರ್ ಅಂಗಡಿಯಲ್ಲಿ ದಿನಗೂಲಿಗೆ ಸೋಫಾ ಚೌಕಟ್ಟು ಜೋಡಿಸುತ್ತಾನೆ. ಅವನು ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಿದ್ದ. ಆ ನಮಸ್ಕಾರವನ್ನೂ ನಾನು ತೆಗೆದುಕೊಳ್ಳುತ್ತಿದ್ದೆ.

ಅದಾಗಿ ಎರಡು ವರ್ಷಕ್ಕೆ, ಮೊಬೈಲ್ ತುಂಬಿದೆ, ಹೊಸ ಫೋಟೊ ಹಿಡಿಯುವುದಿಲ್ಲ ಎಂದು ಹಳೆಯವನ್ನೆಲ್ಲ ಅಳಿಸುತ್ತ ಕುಳಿತಿದ್ದೆ. ಕಾಳಪ್ಪಕಾಕಾನ ಹೆಸರು ಬಂತು. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಏನಿದ್ದರೂ ಮೊಬೈಲಿನಲ್ಲಿ ಮಾತಾಡಿ ಆ ದನಿಯನ್ನೇ ಕಳಿಸುತ್ತಿದ್ದರು. ಕಟ್ಟಿಗೆ ಬಂತು, ಅಂಟು ತೀರಿತು, ನಾಳೆ ಬರತೇನಿ, ಹೀಗೆ. ಒಂದೊಂದೇ ಕೇಳಿದೆ. ಅದರಲ್ಲೊಂದು ಇದು:

“ಮಾಸ್ತರ, ಕಾಳಪ್ಪ ಮಾತಾಡಾಕತ್ತೇನ್ರಿ. ತೋಳಿನ ಉದ್ದ ಬೆರಳಿಲೆ ಅಳದೆ. ಎಂಟರಿಂದ ಭಾಗಿಸಿದ್ರ ಎರಡು ಉಳೀತೈತಿ. ಎರಡಂದ್ರ ಧೂಮಾಯ, ಹೊಗಿ. ಚಲೋ ಅಲ್ರಿ. ಒಂದ ಬೆರಳ ಹೆಚ್ಚಿಟ್ರ ಸಿಂಹ ಬರತೈತಿ, ನೀರಾಗ ಸಿಂಹಾ ತಗೊಂಡು ಏನ ಮಾಡೂದೈತಿ! ಮೂರ ಬೆರಳ ಹೆಚ್ಚಿಟ್ರ ವೃಷಭ. ಎತ್ತು ಈಜತೈತ್ರಿ. ಇಡಲೇನು? ನಕಾಶಿ ನಿಮ್ಮ ಕಡೆ ಐತಿ, ನೋಡಿ ಹೇಳ್ರಿ. ನೀವು ಹೂಂ ಅಂದ್ರ ಕೊಯ್ತೇನಿ, ಇಲ್ಲಂದ್ರ ಇಲ್ಲ.”

ಕೊನೆಗೆ, ಸ್ವಲ್ಪ ದೂರದಿಂದ, ಹೆಂಗಸಿನ ದನಿ: “ಚಾ ಆರಾಕತ್ತೈತಿ, ಸಾಕ ಮಾಡ್ರಿ.”

ಅದರ ಕೆಳಗೆ ನನ್ನ ಉತ್ತರ. ಹಿಂದೆ ಮಕ್ಕಳ ಗದ್ದಲ ಕೇಳಿಸುತ್ತದೆ, ಅಂದರೆ ತರಗತಿಯಲ್ಲಿದ್ದೆ. “ಹೂಂ, ಇಡ್ರಿ ಕಾಕಾ. ಮೂರು ಬೆರಳಿಗೆ ಏನಾಕ್ಕೈತಿ.” ಅಷ್ಟೇ. ನಕಾಶೆ ನೋಡಿರಲಿಲ್ಲ. ಪಟ್ಟಿಗಳನ್ನು ಮಾಡಿಸಿ ಆಗಲೇ ತಂದಿದ್ದೆ.

ನಾನು ಇದನ್ನು ಬೇಕೆಂದು ಮುಚ್ಚಿಟ್ಟಿರಲಿಲ್ಲ. ನಿಜವಾಗಿಯೂ ನನ್ನಲ್ಲಿ ಅದು ಇರಲಿಲ್ಲ. ಅವರು ನನ್ನನ್ನು ಕೇಳಲಿಲ್ಲ ಎಂಬುದು ನನಗೆ ಎಷ್ಟು ಸ್ಪಷ್ಟವಾಗಿ ನೆನಪಿತ್ತೆಂದರೆ, ನನ್ನದೇ ದನಿ ಕೇಳುವಾಗ ಇನ್ನಾರೋ ನನ್ನ ಹಾಗೆ ಮಾತಾಡಿದ್ದಾರೆ ಅನ್ನಿಸಿತು. ಮತ್ತೊಮ್ಮೆ ಹಚ್ಚಿದೆ. ಆಗ ಆ ಹೆಂಗಸಿನ ದನಿಯ ಅರ್ಥ ಹೊಳೆಯಿತು. ಅವರು ಕೇಳಿದಾಗ ನೀಲವ್ವಕಾಕಿ ಅಲ್ಲೇ ಇದ್ದರು.

ಮರುದಿನವೇ ಮನೋಳಿಗೆ ಹೋದೆ. ನೀಲವ್ವಕಾಕಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. “ಬರ್ರಿ ಮಾಸ್ತರ, ಕುಂಡ್ರಿ,” ಎಂದರು. ಏನು ಹೇಳಬೇಕೋ ತಿಳಿಯದೆ ಮೊಬೈಲ್ ತೆಗೆದು ಹಚ್ಚಿದೆ. ಆ ದನಿ ಪಡಸಾಲೆಯಲ್ಲಿ ಎದ್ದಾಗ ಅವರ ಕೈ ನಿಂತಿತು. “ಎತ್ತು ಈಜತೈತ್ರಿ” ಎಂದಾಗ ಒಂಚೂರು ತುಟಿ ಅಲುಗಿತು. ಆಮೇಲೆ ನನ್ನ ಉತ್ತರವೂ ಬಂತು, ಮುಗಿಯಿತು.

“ಗೊತ್ತೈತ್ರಿ,” ಎಂದರು. “ಅವತ್ತ ನೀವು ಹೇಳಿದ್ದನ್ನ ನನ್ನ ಎದುರಿಗೆ ಹಚ್ಚಿ ಕೇಳಿದ್ರು ಅವರು. ಆಮ್ಯಾಲ ಗರಗಸ ತಗೊಂಡ್ರು.”

“ಮತ್ತ ದಂಡಿ ಮ್ಯಾಲ ಯಾಕ ಹೇಳಲಿಲ್ರಿ ಕಾಕಿ?”

“ಬಾಯಿ ತಗದಿದ್ದೆ. ಅವರು ಬ್ಯಾಡಂತ ಕಣ್ಣ ಮಾಡಿದ್ರು. ಮಾಸ್ತರ್ ಮಂದಿ ಮುಂದ ಸಣ್ಣಾಂವ ಆಗಬಾರದಂತ.” ಮೊರವನ್ನು ಕೆಳಗಿಟ್ಟರು. “ಅವರು ಹೋದ ಮ್ಯಾಲ ನಾ ಹೇಳಿದ್ರ ಏನಾಗತಿತ್ತು? ಹೇಣ್ತಿ, ಗಂಡನ ಪರ ಮಾತಾಡತಾಳ ಅಂತಿದ್ರು. ನೀವ ಹೇಳತೀರಿ ಅಂತ ದಾರಿ ನೋಡಿದೆ. ದಿನಕರ್ಮದ ದಿನ ಬಂದ್ರಿ, ಹೇಳಲಿಲ್ಲ. ವರ್ಷದ ದಿನ ಬಂದ್ರಿ, ಉಂಡ ಹೋದ್ರಿ, ಹೇಳಲಿಲ್ಲ.”

“ನನಗ ನೆನಪಿರಲಿಲ್ಲ ಕಾಕಿ. ಖರೇನ ನೆನಪಿರಲಿಲ್ಲ.”

ಅವರು ನನ್ನನ್ನು ನೋಡಿದರು. ನಂಬಿದರೋ ಬಿಟ್ಟರೋ ಹೇಳಲಾರೆ. ನಂಬದಿದ್ದರೂ ತಪ್ಪಲ್ಲ.

“ತಪ್ಪಾತು ಕಾಕಿ,” ಎಂದೆ.

“ನನ್ನ ಮುಂದ ಯಾಕ ಹೇಳತೀರಿ? ನನಗ ಗೊತ್ತಿದ್ದ ಮಾತು ಅದು. ಎಲ್ಲೆಲ್ಲಿ ಅವರ ಹೆಸರು ಕೆಡಿಸೀರಿ, ಅಲ್ಲಲ್ಲಿ ಹೋಗಿ ಹೇಳ್ರಿ.” ಮತ್ತೆ ಮೊರ ಎತ್ತಿಕೊಂಡರು. ಚಾ ಕೊಡಲಿಲ್ಲ. ಆ ಮನೆಯಲ್ಲಿ ಚಾ ಕುಡಿಯದೆ ಎದ್ದದ್ದು ಅದೇ ಮೊದಲು.

ಹೋದೆ. ಪಂಚನಾಮೆ ಬರೆದವರ ಹತ್ತಿರ ಮೊದಲು ಹೋದೆ. ಮುಗಿದ ಕಡತ, ಅಪಘಾತವೆಂದೇ ಇದೆ, ಈಗ ಬಿಚ್ಚಿ ಏನು ಮಾಡುತ್ತೀರಿ ಎಂದರು. ಮಲ್ಲೇಶಿ, “ಬಿಡಲೇ. ಸತ್ತಾಂವ ಎದ್ದು ಬರತಾನೇನು?” ಎಂದು ಎದ್ದು ಹೋದ. ಅವನಿಗೆ ಇನ್ನೂ ಆ ಕುಡಗೋಲು ಕಂಡರಾಗುವುದಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಎಲ್ಲರ ಮುಂದೆ ಮೊಬೈಲ್ ಹಚ್ಚಿ ಕೇಳಿಸಿದೆ. ಅವರು ಕೇಳಿದರು. ಆಮೇಲೆ ಅಂಗಡಿಯ ಯಜಮಾನ ನನ್ನ ಹೆಗಲ ಮೇಲೆ ಕೈಯಿಟ್ಟು, “ದೊಡ್ಡ ಮನಸು ಬಿಡ್ರಿ ಮಾಸ್ತರ ನಿಮ್ಮದು. ಸತ್ತಾಂವನ ತಪ್ಪು ಮೈಮ್ಯಾಲ ಹಾಕ್ಕೋತೀರಿ,” ಎಂದ.

“ನನ್ನ ತಪ್ಪು ಅಂತ ಹೇಳಾಕತ್ತೇನಿ. ಕೇಳಿಸಲಿಲ್ಲೇನು?”

“ಕೇಳಿಸ್ತ್ರಿ. ಆದ್ರ ಆಯ ನೋಡಿದಾಂವ ಅವನ ಹೌದಲ್ಲೋ?”

ಮನೋಳಿಯ ಚಾದ ಅಂಗಡಿಯಲ್ಲೂ ಇದೇ ಆಯಿತು. ಸ್ಟಾಫ್ ರೂಮಿನಲ್ಲೂ ಇದೇ. ಒಬ್ಬರಂತೂ ಕಣ್ಣೊರೆಸಿಕೊಂಡು, ನನ್ನಂಥ ಮಾಸ್ತರರು ಸಿಕ್ಕ ಮಕ್ಕಳೇ ಧನ್ಯರು ಎಂದರು. ಸುಳ್ಳು ಹೇಳಿದಾಗ ಸಿಕ್ಕ ಮರ್ಯಾದೆಗಿಂತ ಖರೇ ಹೇಳಿದಾಗ ನನಗೆ ಹೆಚ್ಚಿನ ಮರ್ಯಾದೆ ಸಿಕ್ಕಿತು. ಈರಣ್ಣನ ಮನೆಗೆ ಮಾತ್ರ ಒಬ್ಬರೂ ಚೌಕಟ್ಟಿನ ಅಳತೆ ಕೇಳಿಕೊಂಡು ಬರಲಿಲ್ಲ.

ದೋಣಿ ನಮ್ಮ ಅಂಗಳದಲ್ಲೇ ಇದೆ, ತಾಡಪತ್ರಿ ಹೊದ್ದು. ಎಡಗಡೆಯ ಎರಡು ತೋಳುಗಳ ಮೇಲೆ ಕಾಳಪ್ಪಕಾಕಾ ಸುತ್ತಿದ ಹಗ್ಗ ಇನ್ನೂ ಬಿಗಿಯಾಗಿದೆ. ಮಡಚಲು ಆ ಹಗ್ಗ ಬಿಚ್ಚಬೇಕು. ನಾನು ಬಿಚ್ಚಿಲ್ಲ. ಅಂಗಳದ ಮೂಲೆಯ ಗೋಡೆಯನ್ನೇ ಕೆಡವಿ ಅದನ್ನು ಒಳಗೆ ತಂದೆವು.

ನೀಲವ್ವಕಾಕಿಯ ಹತ್ತಿರ ಮತ್ತೆ ಹೋಗಿದ್ದೆ. ಎಲ್ಲೆಲ್ಲಿ ಹೇಳಿದೆ, ಜನ ಏನೇನಂದರು ಎಂದು ವರದಿ ಒಪ್ಪಿಸಿದೆ. ಅವರು ಕೇಳಿ, “ಹಂಗಾರ ನೀವು ಸರಿಯಾಗಿ ಹೇಳಿಲ್ಲ,” ಎಂದರು.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ನಡುವೆ ಬಾಯಿ ಹಾಕಿ ನನ್ನ ಹೆಗಲ ಮೇಲೆ ಕೈಯಿಡಲಾರರು. ಕಾಳಪ್ಪಕಾಕಾ ಹಗ್ಗದ ದೋಣಿ ಬೇಕೆಂದಿದ್ದರು, ನಾನು ಕಬ್ಬಿಣದ್ದು ಆರಿಸಿದೆ. ಅವರು ನಕಾಶೆ ನೋಡಿ ಹೇಳಿರೆಂದು ಕೇಳಿದ್ದರು, ನಾನು ನೋಡದೆ ಹೂಂ ಎಂದೆ. ಆ ತೂತು ಕೊರೆದದ್ದು ನಾನು. ಜನರೆದುರಿಗೆ ಅವರನ್ನು ಸುಳ್ಳುಗಾರರನ್ನಾಗಿ ಮಾಡಿದೆ, ನನ್ನ ಮರ್ಯಾದೆಗಾಗಿ ಅವರು ಅದನ್ನು ಒಪ್ಪಿಕೊಂಡರು. ಆಮೇಲೆ ಪದ್ಧತಿಯ ಪ್ರಕಾರ ಹೋಗಿ ದೋಣಿಯಲ್ಲಿ ಕುಳಿತರು.